ತಿಗಣೆಯ ಹೆಸರಿನಲ್ಲಿ ವಿಷ

ಕಳೆದ ಮಳೆಗಾಲದಲ್ಲಿ ಕಾರ್ಕಳ ತಾಲ್ಲೂಕಿನ ಬಂಧುಗಳೊಬ್ಬರ ಮನೆಗೆ ಹೋಗಿದ್ದೆ. ಅಂಗಳಕ್ಕೆ ಕಾಲಿಡುವ ಮೊದಲೇ ಔಷಧಿಯ ಘಾಟು ಮೂಗಿಗೆ ಬಡಿಯಿತು. ಹಾಸಿಗೆಯ ಮೇಲೆ ಸಣ್ಣ ಹುಳಗಳು ಹರಿದಾಡುತ್ತಿವೆ, ತಿಗಣೆಯೇ ಇರಬೇಕು ಎಂದು ಮನೆಯವರು ಪೇಟೆಯಿಂದ ಕೀಟನಾಶಕ ಸಿಂಪಡಿಸುವವರನ್ನು ಕರೆಸಿದ್ದರು. ಬಂದವರು ಹುಳವನ್ನು ತೋರಿಸಿ ಎಂದು ಕೇಳಲಿಲ್ಲ. ಕೋಣೆಗಳೆಷ್ಟು ಎಂದು ಕೇಳಿದರು. ಆ ಲೆಕ್ಕದಲ್ಲಿ ಹಣ ಪಡೆದು, ಹಾಸಿಗೆ, ಮಂಚ, ಕಪಾಟು, ತೊಟ್ಟಿಲು ಯಾವುದನ್ನೂ ಬಿಡದೆ ಸಿಂಪಡಿಸಿ ಹೋದರು. ಅಂದು ರಾತ್ರಿ ಆ ಮನೆಯ ಎರಡು ವರ್ಷದ ಮಗು ಕೆಮ್ಮಿ ಕೆಮ್ಮಿ ವಾಂತಿ ಮಾಡಿಕೊಂಡಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆ: ಸಿಂಪಡಿಸಿದ್ದು ಏನನ್ನು? ಉತ್ತರ ಯಾರಲ್ಲಿಯೂ ಇರಲಿಲ್ಲ. ರಸೀದಿಯಲ್ಲಿದ್ದುದು 'ತಿಗಣೆ ಕೆಲಸ' ಎಂಬ ಎರಡು ಪದ ಮತ್ತು ಒಂದು ಮೊತ್ತ.

ಮಗು ಚೇತರಿಸಿಕೊಂಡಿತು. ಸಿಂಪಡಣೆಗೆ ಮುನ್ನ ಮನೆಯ ಹಿರಿಯಜ್ಜಿ ನಾಲ್ಕಾರು ಹುಳಗಳನ್ನು ಬೆಂಕಿಪೊಟ್ಟಣದಲ್ಲಿ ಹಿಡಿದಿಟ್ಟಿದ್ದರು. ಅವುಗಳನ್ನು ಭೂತಗನ್ನಡಿಯಲ್ಲಿ ನೋಡಿದೆವು. ಮಾಸಲು ಬಿಳಿಯ, ಒಂದೆರಡು ಮಿಲಿಮೀಟರಿನ, ಮೆತ್ತನೆಯ ಆ ಜೀವಿಗಳು ತಿಗಣೆಗಳಾಗಿರಲಿಲ್ಲ. ಹಳೆಯ ಪುಸ್ತಕಗಳಲ್ಲಿ, ತೇವದ ಗೋಡೆಗಳಲ್ಲಿ ಬೆಳೆಯುವ ಬೂಷ್ಟನ್ನು ತಿಂದು ಬದುಕುವ ಪುಸ್ತಕದ ಹೇನುಗಳವು. ಹೆಸರಿನಲ್ಲಿ ಹೇನು ಇದ್ದರೂ ಅವು ಯಾರನ್ನೂ ಕಚ್ಚುವುದಿಲ್ಲ, ರಕ್ತ ಹೀರುವುದಿಲ್ಲ. ಕಿಟಕಿ ತೆರೆದು ಗಾಳಿಯಾಡಿಸಿದ್ದರೆ, ಹಾಸಿಗೆಯನ್ನು ಎರಡು ದಿನ ಬಿಸಿಲಿಗೆ ಹಾಕಿದ್ದರೆ ಅವು ತಾವಾಗಿಯೇ ಕಣ್ಮರೆಯಾಗುತ್ತಿದ್ದವು. ಕಚ್ಚದ ಹುಳಕ್ಕಾಗಿ ತೊಟ್ಟಿಲಿಗೆ ವಿಷ ಬಿತ್ತು.

ಓದುಗ ಮಿತ್ರರೇ, ಇದನ್ನು ಒಂದು ಮನೆಯ ಅಚಾತುರ್ಯವೆಂದು ತಳ್ಳಿಹಾಕಲು ನನ್ನ ಮನಸ್ಸು ಒಪ್ಪುತ್ತಿಲ್ಲ. ಉಡುಪಿಯ ವಸತಿಗೃಹಗಳಲ್ಲಿ, ಮಣಿಪಾಲದ ವಿದ್ಯಾರ್ಥಿಗಳ ಪಿ.ಜಿ. ಕೊಠಡಿಗಳಲ್ಲಿ, ಕಾಪುವಿನ ಬಾಡಿಗೆ ಮನೆಗಳಲ್ಲಿ, ಕಾರ್ಕಳದ ಹಂಚಿನ ಮನೆಗಳಲ್ಲಿ ಇಂದು ನಡೆಯುತ್ತಿರುವುದು ಇದೇ. ಹುಳ ಕಂಡರೆ ವಿಷ. ಯಾವ ಹುಳ ಎಂಬ ಪ್ರಶ್ನೆಯೇ ಇಲ್ಲ. ತೋಟಕ್ಕೆ ವಿಷ ಹಾಕುವವರನ್ನು ಎರಡು ದಶಕಗಳಿಂದ ಪ್ರಶ್ನಿಸುತ್ತ ಬಂದ ನಾವು, ಮಲಗುವ ಕೋಣೆಗೆ ವಿಷ ಹಾಕುವವರ ಎದುರು ಬಾಯಿ ಮುಚ್ಚಿ ಕುಳಿತಿದ್ದೇವೆ.

ತಿಗಣೆ ಯಾವುದು, ತಿಗಣೆಯಲ್ಲದ್ದು ಯಾವುದು

ಮೊದಲು ಹುಳವನ್ನೇ ನೋಡೋಣ. ಬೆಳೆದ ತಿಗಣೆ ಸುಮಾರು 5 ಮಿಲಿಮೀಟರ್ ಉದ್ದ, ಬಣ್ಣ ಕೆಂಗಂದು. ಹಸಿದಾಗ ಕಾಗದದಂತೆ ಚಪ್ಪಟೆ. ರಕ್ತ ಕುಡಿದಾಗ ಉಬ್ಬಿ ಉದ್ದವಾಗಿ ಕಡುಗೆಂಪಾಗುತ್ತದೆ. ಆರು ಕಾಲುಗಳು, ತಲೆಯ ಮುಂದೆ ಎರಡು ಗಿಡ್ಡ ಮೀಸೆಗಳು, ಹೊಟ್ಟೆಯ ಮೇಲೆ ಅಡ್ಡಗೆರೆಗಳು. ರೆಕ್ಕೆಯ ಕುರುಹಷ್ಟೇ ಉಂಟು. ಹಾರಲಾರದು, ಚಿಗಟದಂತೆ ನೆಗೆಯಲೂ ಆರದು. ಮೊಟ್ಟೆ ಬಿಳಿ, ಸುಮಾರು 1 ಮಿಲಿಮೀಟರ್. ಮರಿ 5 ಬಾರಿ ಪೊರೆ ಕಳಚಿ ದೊಡ್ಡದಾಗುತ್ತದೆ, ಪ್ರತಿ ಪೊರೆಗೂ ಮುನ್ನ ಒಮ್ಮೆ ರಕ್ತ ಕುಡಿಯಲೇಬೇಕು. ಇರುಳಿನಲ್ಲಿ ಬಂದು, ಹತ್ತಿಪ್ಪತ್ತು ನಿಮಿಷದೊಳಗೆ ಹೀರಿ, ಬಿರುಕಿಗೆ ಮರಳುತ್ತದೆ. ಹಾಸಿಗೆಯ ಹೊಲಿಗೆಯಲ್ಲಿ, ಮಂಚದ ಕೀಲಿನಲ್ಲಿ ಶಾಯಿಯ ಚುಕ್ಕೆಗಳಂತಹ ಕಪ್ಪು ಕಲೆ, ಕಳಚಿದ ಪೊರೆ, ಬಿಳಿ ಮೊಟ್ಟೆಗಳು ಕಂಡರೆ ತಿಗಣೆ ಇದೆಯೆಂದು ನಂಬಬಹುದು. ಮೈಮೇಲಿನ ದದ್ದು ಮಾತ್ರ ನಂಬತಕ್ಕ ಸಾಕ್ಷಿಯಲ್ಲ. ಒಂದೇ ಹಾಸಿಗೆಯಲ್ಲಿ ಮಲಗಿದ ಇಬ್ಬರಲ್ಲಿ ಒಬ್ಬರಿಗೆ ದದ್ದು ಎದ್ದು ಇನ್ನೊಬ್ಬರಿಗೆ ಏನೂ ಆಗದಿರುವುದುಂಟು. ಸೊಳ್ಳೆ ಕಡಿದರೂ, ಬೆವರುಸಾಲೆ ಎದ್ದರೂ ತಿಗಣೆಯೆಂದೇ ತೋರುವುದುಂಟು.

ಈಗ ವೇಷ ಮರೆಸುವವರನ್ನು ನೋಡೋಣ. ಜಿರಳೆಯ ಮರಿ ಕಂದು ಬಣ್ಣದ್ದು, ಚಪ್ಪಟೆ, ರೆಕ್ಕೆಯಿಲ್ಲದ್ದು. ಆದರೆ ಅದರ ಮೀಸೆಗಳು ಮೈಯಷ್ಟೇ ಉದ್ದ, ಹಿಂಭಾಗದಲ್ಲಿ ಎರಡು ಮುಳ್ಳಿನಂತಹ ಅಂಗಗಳಿರುತ್ತವೆ, ದೀಪ ಹಾಕಿದೊಡನೆ ಮಿಂಚಿನಂತೆ ಓಡುತ್ತದೆ. ಅದರ ಊರು ಅಡುಗೆಮನೆಯೇ ಹೊರತು ಹಾಸಿಗೆಯಲ್ಲ. ಉಣ್ಣೆಯ ಬಟ್ಟೆ, ಗರಿ, ಕೂದಲು ತಿನ್ನುವ ಕಿರುದುಂಬಿ ಗುಂಡಗಿರುತ್ತದೆ, ಬೆನ್ನಿನ ಮೇಲೆ ಗಟ್ಟಿ ಚಿಪ್ಪು ಮತ್ತು ಬಿಳಿ, ಹಳದಿ, ಕಪ್ಪು ಮಚ್ಚೆಗಳಿರುತ್ತವೆ. ಅದರ ಮರಿ ರೋಮಭರಿತ. ಅದು ರಕ್ತ ಮುಟ್ಟುವುದಿಲ್ಲ, ಮರಿಯ ರೋಮ ತಗುಲಿದರೆ ಕೆಲವರಿಗೆ ತುರಿಕೆಯಾಗುತ್ತದೆ. ಚಿಗಟ ಪಕ್ಕದಿಂದ ಪಕ್ಕಕ್ಕೆ ಚಪ್ಪಟೆಯಾದದ್ದು, ಜಿಗಿಯುವುದರಿಂದಲೇ ಗುರುತು ಸಿಗುತ್ತದೆ. ಅದಿದ್ದರೆ ಮನೆಯ ಬೆಕ್ಕು ನಾಯಿಗಳನ್ನು ನೋಡಬೇಕು. ಪುಸ್ತಕದ ಹೇನಿನ ಕತೆ ಮೇಲೆ ಹೇಳಿದ್ದಾಗಿದೆ. ಈ ನಾಲ್ಕಕ್ಕೂ ಬೇರೆ ಬೇರೆ ಕಾರಣಗಳಿವೆ, ಬೇರೆ ಬೇರೆ ಪರಿಹಾರಗಳಿವೆ. ತಿಗಣೆಗೆಂದು ಹೊಯ್ದ ವಿಷದಿಂದ ಗೋಡೆಯ ತೇವ ಆರುವುದಿಲ್ಲ, ಅಡುಗೆಮನೆಯ ಕಸ ಖಾಲಿಯಾಗುವುದಿಲ್ಲ.

ಉಣುಗನ್ನು ತಿಗಣೆ ಎಂದರೆ

ಇಷ್ಟಾದರೆ ಹಣ ಮತ್ತು ಆರೋಗ್ಯದ ಮಾತು. ಇನ್ನೊಂದು ತಪ್ಪು ಗುರುತು ಪ್ರಾಣಕ್ಕೇ ಎರವಾಗಬಲ್ಲದು. ಘಟ್ಟದವರಾದ ನಾವು ಅದನ್ನು ಒತ್ತಿ ಹೇಳಲೇಬೇಕು.

ಉಣುಗು ಕೀಟವಲ್ಲ, ಜೇಡದ ಬಳಗದ ಜೀವಿ. ಬೆಳೆದ ಉಣುಗಿಗೆ 8 ಕಾಲು, ಮೀಸೆಯಿಲ್ಲ, ತಲೆ ಎದೆ ಹೊಟ್ಟೆಗಳೆಂಬ ವಿಂಗಡಣೆಯಿಲ್ಲದ ಒಂದೇ ಚೀಲದಂತಹ ಮೈ. ಆದರೆ ಮೊಟ್ಟೆಯೊಡೆದು ಬಂದ ಮೊದಲ ಹಂತದ ಮರಿಗೆ ಇರುವುದು 6 ಕಾಲು. ಆದ್ದರಿಂದ ಕಾಲುಗಳನ್ನು ಎಣಿಸಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ, ಮೀಸೆ ಇದೆಯೇ ಎಂದೂ ನೋಡಬೇಕು. ತಿಗಣೆ ಹೀರಿ ಓಡಿಹೋಗುತ್ತದೆ. ಉಣುಗು ಚರ್ಮಕ್ಕೆ ಬಾಯಿ ನೆಟ್ಟು ದಿನಗಟ್ಟಲೆ ಅಂಟಿಕೊಂಡಿರುತ್ತದೆ. ನಾಯಿಯ ಕಂದು ಉಣುಗು ಮನೆಯೊಳಗೆ ಗೋಡೆ ಏರುವುದುಂಟು, ಬಿರುಕುಗಳಲ್ಲಿ ಅಡಗುವುದುಂಟು. ಅದನ್ನು ತಿಗಣೆಯೆಂದು ತಿಳಿದು ಹಾಸಿಗೆ ಸುಟ್ಟವರಿದ್ದಾರೆ, ನಾಯಿಯ ಮೈ ನೋಡಿದವರು ಕಡಿಮೆ.

ಕಾಡಿನ ಉಣುಗಿನ ವಿಷಯ ಇದಕ್ಕಿಂತ ಗಂಭೀರ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಮನುಷ್ಯರಿಗೆ ಹರಡುವುದು ಮುಖ್ಯವಾಗಿ ಎಳ್ಳುಕಾಳಿಗಿಂತ ದೊಡ್ಡದಲ್ಲದ ಮರಿ ಉಣುಗುಗಳ ಮೂಲಕ. 1980ರ ದಶಕದ ಆರಂಭದಲ್ಲಿ ಅದು ಬೆಳ್ತಂಗಡಿಯ ಕಡೆಗೆ ಇಳಿದು ಅನೇಕರನ್ನು ಬಲಿ ತೆಗೆದುಕೊಂಡಿತು. 2019ರ ಆರಂಭದಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಉಲ್ಬಣಿಸಿದಾಗ ಹಲವು ರೋಗಿಗಳನ್ನು ಘಟ್ಟ ಇಳಿಸಿ ಮಣಿಪಾಲದ ಆಸ್ಪತ್ರೆಗೆ ಕರೆತರಲಾಯಿತು. ಹಳೆಯ ಲಸಿಕೆಯ ಬಳಕೆ 2022ರಲ್ಲಿ ನಿಂತುಹೋಗಿದೆ. ಆದ್ದರಿಂದ ಉಣುಗು ಕಚ್ಚದಂತೆ ನೋಡಿಕೊಳ್ಳುವುದು, ಕಚ್ಚಿದ್ದು ತಿಳಿದರೆ ಎಚ್ಚರದಿಂದಿರುವುದು, ಇವೇ ನಮಗಿರುವ ದೊಡ್ಡ ರಕ್ಷಣೆ. ಕಾರ್ಕಳದ ಘಟ್ಟದ ಬುಡದಲ್ಲಿ ಕೊಟ್ಟಿಗೆಗೆ ತರಗೆಲೆ ಹೊರುವ ಹೆಂಗಸಿನ ಸೊಂಟದ ಹತ್ತಿರ ಕಚ್ಚಿದ ಗುರುತು ಕಂಡಾಗ, "ತಿಗಣೆ ಇರಬೇಕು, ಮಂಚಕ್ಕೆ ಔಷಧಿ ಹೊಡೆಸಿ" ಎಂದು ಯಾರಾದರೂ ಹೇಳಿದರೆ, ವಾರದೊಳಗೆ ಬಂದ ಜ್ವರಕ್ಕೂ ಆ ಕಚ್ಚಿಗೂ ಸಂಬಂಧವಿದೆಯೆಂದು ವೈದ್ಯರಿಗೆ ತಿಳಿಸುವವರು ಯಾರು?

ನಮ್ಮ ಜಿಲ್ಲೆಗೆ ಹೊಸದೇನೂ ಅಲ್ಲದ ಸ್ಕ್ರಬ್ ಟೈಫಸ್ ಜ್ವರದ ಮಾತೂ ಹೀಗೆಯೇ. ಅದನ್ನು ಹರಡುವ ನುಸಿಯ ಮರಿ ಬರಿಗಣ್ಣಿಗೆ ಕಾಣದಷ್ಟು ಸಣ್ಣದು. ಕಚ್ಚಿದಲ್ಲಿ ಹಲವರಿಗೆ ಬೆಂಕಿ ತಾಗಿದಂತಹ ಕಪ್ಪು ಹಕ್ಕಳೆ ಕಟ್ಟುತ್ತದೆ. ಬೇಗ ಗುರುತಿಸಿದರೆ ಸುಲಭದ ಮಾತ್ರೆಗಳಿಂದ ಗುಣವಾಗುವ ಈ ಕಾಯಿಲೆ, ತಡವಾದರೆ ಸಾವಿಗೂ ಕಾರಣವಾಗುತ್ತದೆ. ಇಷ್ಟೆಲ್ಲ ಅಪಖ್ಯಾತಿ ಹೊತ್ತ ತಿಗಣೆಯಾದರೋ ಮನುಷ್ಯರಿಗೆ ರೋಗ ಹರಡುವ ಕೀಟವೆಂದು ಈವರೆಗೆ ಸಾಬೀತಾಗಿಲ್ಲ. ನಿದ್ದೆ ಕೆಡಿಸುತ್ತದೆ, ತುರಿಸುತ್ತದೆ, ಮನಸ್ಸನ್ನು ಹಿಂಡುತ್ತದೆ. ಅದೇನೂ ಸಣ್ಣ ಸಂಕಟವಲ್ಲ. ಆದರೆ ಕೊಲ್ಲುವುದು ಅದಲ್ಲ. ಕೊಲ್ಲಬಲ್ಲವುಗಳು ಎರಡು: ತಿಗಣೆಯೆಂದು ತಪ್ಪಾಗಿ ತಿಳಿದ ಉಣುಗು, ಮತ್ತು ತಿಗಣೆಗೆಂದು ತಂದ ವಿಷ.

ವಿಷದ ಚರಿತ್ರೆ

ತಿಗಣೆಗೆ ಬಳಸಿದ ವಿಷಗಳ ಪಟ್ಟಿ ನಾವು ಕಲಿಯದ ಪಾಠಗಳ ಪಟ್ಟಿಯೂ ಹೌದು. ಎರಡನೆಯ ಮಹಾಯುದ್ಧದ ನಂತರ ಡಿ.ಡಿ.ಟಿ. ಬಂದಾಗ ತಿಗಣೆಯ ಕತೆ ಮುಗಿಯಿತೆಂದರು. 1947ರ ಹೊತ್ತಿಗೇ ಹವಾಯಿಯಲ್ಲಿ ಅದಕ್ಕೆ ಬಗ್ಗದ ತಿಗಣೆಗಳು ಕಂಡುಬಂದವು. ನಮ್ಮ ಹಿರಿಯರು ಮಂಚದ ಸಂದಿಗೆ ಉದುರಿಸುತ್ತಿದ್ದ ಬಿ.ಎಚ್.ಸಿ. ಪುಡಿಯನ್ನು ಭಾರತ 1997ರಲ್ಲಿ ನಿಷೇಧಿಸಿತು. ಮನೆಮನೆಯಲ್ಲಿ ಬಳಕೆಯಲ್ಲಿದ್ದ ಡೈಕ್ಲೋರ್‌ವಾಸ್ 2020ರ ಅಂತ್ಯಕ್ಕೆ ನಿಷೇಧಕ್ಕೊಳಗಾಯಿತು. ಪ್ರತಿಯೊಂದನ್ನೂ ಮಾರುವಾಗ 'ಮನುಷ್ಯರಿಗೆ ಏನೂ ಆಗುವುದಿಲ್ಲ' ಎಂಬ ಭರವಸೆಯೊಂದಿಗೇ ಮಾರಿದ್ದರು. ಇಂದು ಹೆಚ್ಚಾಗಿ ಸಿಂಪಡಿಸುವ ಪೈರೆಥ್ರಾಯ್ಡ್ ಗುಂಪಿನ ಔಷಧಿಗಳಿಗೂ ತಿಗಣೆಗಳು ಪ್ರಪಂಚದ ಅನೇಕ ಕಡೆ ಒಗ್ಗಿಕೊಂಡಿವೆ. ಹೊಗೆಯಂತೆ ಹರಡುವ ಡಬ್ಬಿಗಳು ಅವುಗಳನ್ನು ಕೊಲ್ಲುವ ಬದಲು ಬಿರುಕಿನ ಆಳಕ್ಕೆ, ಪಕ್ಕದ ಕೋಣೆಗೆ ಅಟ್ಟುತ್ತವೆ.

ಇವೆಲ್ಲಕ್ಕಿಂತ ಭೀಕರವಾದದ್ದು, ದವಸದ ಗೋದಾಮಿಗೆಂದು ಇರುವ ಅಲ್ಯೂಮಿನಿಯಂ ಫಾಸ್ಫೈಡ್ ಮಾತ್ರೆಯನ್ನು ಮಲಗುವ ಕೋಣೆಯಲ್ಲಿ ಇಡುವ ದುಸ್ಸಾಹಸ. ಗಾಳಿಯ ತೇವ ತಗುಲಿದರೆ ಸಾಕು, ಅದರಿಂದ ಫಾಸ್ಫೀನ್ ಅನಿಲ ಹೊರಡುತ್ತದೆ. ಬಾಗಿಲ ಸಂದಿಯಿಂದ ನುಸುಳಿ ಪಕ್ಕದ ಮನೆಯವರನ್ನೂ ಕೊಲ್ಲುತ್ತದೆ. ಇದಕ್ಕೆ ಪ್ರತಿವಿಷವಿಲ್ಲ. ಇದರ ಮಾರಾಟ ಮತ್ತು ಬಳಕೆಗೆ ಕಾನೂನಿನ ನಿರ್ಬಂಧವಿದ್ದರೂ ಭಾರತದ ಹಲವು ನಗರಗಳಲ್ಲಿ ಇದರಿಂದ ಮಕ್ಕಳು ಸತ್ತಿದ್ದಾರೆ. ಕರಾವಳಿಯ ಮಳೆಗಾಲದ ತೇವದಲ್ಲಿ ಈ ಮಾತ್ರೆಯ ಗತಿಯೇನೆಂದು ಪ್ರತ್ಯೇಕವಾಗಿ ಹೇಳಬೇಕೆ?

ನೆರೆಯ ಕಾಸರಗೋಡಿನ ಎಣ್ಮಕಜೆಯನ್ನು, ಬೆಳ್ತಂಗಡಿಯ ಕೊಕ್ಕಡವನ್ನು ಮರೆಯಲು ನಮಗೆ ಹಕ್ಕಿಲ್ಲ. ಗೇರುತೋಟಗಳ ಮೇಲೆ 2000ದವರೆಗೆ, ಎರಡು ದಶಕಗಳಿಗೂ ಹೆಚ್ಚು ಕಾಲ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದದ್ದು 'ಚಹಾ ಸೊಳ್ಳೆ' ಎಂಬ ಕೀಟದ ಹೆಸರಿನಲ್ಲಿ. ಅದು ಸೊಳ್ಳೆಯೂ ಅಲ್ಲ; ಎಳೆ ಚಿಗುರಿನ ರಸ ಹೀರುವ, ತಿಗಣೆಯ ಗಣಕ್ಕೇ ಸೇರಿದ ಕೀಟ. ಹೆಲಿಕಾಪ್ಟರಿಗೆ ಕೀಟ ಯಾವುದು, ಕುಡಿಯುವ ನೀರಿನ ಸುರಂಗ ಯಾವುದು, ಬಸುರಿ ಹೆಂಗಸು ಯಾರು ಎಂಬ ಭೇದ ತಿಳಿಯಲಿಲ್ಲ. ಅಂಗವಿಕಲ ಕರುಗಳ ಬಗ್ಗೆ ಪಡ್ರೆಯ ರೈತ ಪತ್ರಕರ್ತ ಶ್ರೀಪಡ್ರೆಯವರು 1979ರಷ್ಟು ಹಿಂದೆಯೇ ಬರೆದರು. ಸುಪ್ರೀಂ ಕೋರ್ಟು ದೇಶದಾದ್ಯಂತ ತಡೆ ಹೇರಿದ್ದು 2011ರ ಮೇ 13ರಂದು. ನಡುವೆ ಕಳೆದ 32 ವರ್ಷಗಳ ಬೆಲೆಯನ್ನು ಆ ಊರುಗಳ ಮಕ್ಕಳು ಇಂದಿಗೂ ತೆರುತ್ತಿದ್ದಾರೆ. ಕೋಣೆಗಳನ್ನು ಎಣಿಸಿ ಸಿಂಪಡಿಸುವವನ ಮನೋಧರ್ಮ ಎಕರೆಗಳನ್ನು ಎಣಿಸಿ ಸಿಂಪಡಿಸಿದವರದೇ. ಅಳತೆ ಚಿಕ್ಕದು, ಅಷ್ಟೆ.

ನಮ್ಮವರಿಗೂ ಒಂದು ಮಾತು

ನಮ್ಮ ಬಳಗದೊಳಗಿನ ಒಂದು ಅಭ್ಯಾಸವನ್ನೂ ಇಲ್ಲಿ ಟೀಕಿಸಬೇಕಾಗಿದೆ. ರಾಸಾಯನಿಕ ಬೇಡವೆಂದೊಡನೆ ಬೇವಿನ ಹೊಗೆ, ಲಕ್ಕಿಸೊಪ್ಪು, ಸೀಮೆಎಣ್ಣೆ ಎಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಹೊಗೆ ಹಾಕಿದರೆ ತಿಗಣೆ ಬಿರುಕಿನೊಳಗೆ ಸರಿದು ಮರುದಿನ ಹೊರಬರುತ್ತದೆ. ಹಾಸಿಗೆಗೆ ಸೀಮೆಎಣ್ಣೆ ಬಳಿಯುವುದು ಮನೆಗೆ ಬೆಂಕಿ ಆಹ್ವಾನಿಸುವುದಕ್ಕೆ ಸಮ. ನಿಸರ್ಗದ್ದು ಎಂಬ ಒಂದೇ ಕಾರಣಕ್ಕೆ ಯಾವುದನ್ನೂ ಪರಿಣಾಮಕಾರಿ ಎಂದು ಸಾರುವುದು ವಿಷ ಮಾರುವವರ ಜಾಹೀರಾತಿಗಿಂತ ಹೆಚ್ಚು ಪ್ರಾಮಾಣಿಕವೇನಲ್ಲ.

ಹಿರಿಯರ ಒಂದು ಪದ್ಧತಿ ಮಾತ್ರ ವಿಜ್ಞಾನದ ಪರೀಕ್ಷೆಯಲ್ಲಿ ಗೆದ್ದಿದೆ. ಮುಂಬಯಿಯ ಹೋಟೆಲಿನಿಂದ ಊರಿಗೆ ಮರಳಿದ ಹುಡುಗನ ಟ್ರಂಕನ್ನು ಜಗಲಿ ಏರಿಸುವ ಮೊದಲು ಅಂಗಳದಲ್ಲೇ ತೆರೆಸಿ, ಬಟ್ಟೆಗಳನ್ನು ಬಚ್ಚಲಿನ ಹಂಡೆಯ ಕುದಿನೀರಿಗೆ ಹಾಕಿಸುತ್ತಿದ್ದ ಅಜ್ಜಿಯರಿದ್ದರು. ಮಂಚದ ಕೀಲು ಕಳಚಿ ಸಂದಿಸಂದಿಗೆ ಕುದಿನೀರು ಹೊಯ್ಯುತ್ತಿದ್ದರು. ತಿಗಣೆಯೂ ಅದರ ಮೊಟ್ಟೆಯೂ 55 ಡಿಗ್ರಿ ಸೆಲ್ಸಿಯಸ್ ಮೀರಿದ ಶಾಖವನ್ನು ತಾಳಲಾರವು, ಅದಕ್ಕೆ ಒಗ್ಗಿಕೊಳ್ಳಲೂ ಆರವು. ಬರಿಯ ಬಿಸಿಲು ಹಾಸಿಗೆಯ ಒಡಲನ್ನು ಅಷ್ಟು ಕಾಯಿಸದು; ಆದ್ದರಿಂದ ಬಿಸಿಲು ತೇವಕ್ಕೆ ಮದ್ದು, ಕುದಿನೀರು ಮತ್ತು ಹಬೆ ತಿಗಣೆಗೆ ಮದ್ದು. ಗೋಡೆಯ ಬಿರುಕುಗಳನ್ನು ಗಾರೆಯಿಂದ ಮುಚ್ಚುವುದು, ಮಂಚವನ್ನು ಗೋಡೆಯಿಂದ ದೂರ ಸರಿಸುವುದು, ವಾರಕ್ಕೊಮ್ಮೆ ಹೊಲಿಗೆಗಳನ್ನು ಪರೀಕ್ಷಿಸಿ ಅದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದು ಬೇಸರದ ದಾರಿ, ಆದರೆ ಫಲ ಕೊಡುವ ದಾರಿ.

ನೂರು ಮಂಚಗಳ ವಿದ್ಯಾರ್ಥಿನಿಲಯದಲ್ಲಿ ಇಷ್ಟೇ ಸಾಕೆಂದು ನಾವು ಹೇಳುತ್ತಿಲ್ಲ. ಅಲ್ಲಿ ಔಷಧಿಯೂ ಬೇಕಾಗಬಹುದು. ಮಂಗ ಸತ್ತ ಜಾಗದ ಸುತ್ತ 50 ಅಡಿ ವ್ಯಾಪ್ತಿಯಲ್ಲಿ ಮೆಲಾಥಿಯಾನ್ ಪುಡಿ ಉದುರಿಸುವುದನ್ನು ನಾವು ವಿರೋಧಿಸಿಲ್ಲ. ಅಲ್ಲಿ ಜೀವಿ ಯಾವುದು, ಜಾಗ ಯಾವುದು, ಕಾರಣ ಯಾವುದು ಎಂಬುದು ಸ್ಪಷ್ಟವಿದೆ. ಆ ಸ್ಪಷ್ಟತೆಯನ್ನೇ ಮಲಗುವ ಕೋಣೆಯಲ್ಲೂ ಬಯಸುತ್ತಿದ್ದೇವೆ. ಮಾಲೀಕರು 'ಸಮಯವೆಲ್ಲಿದೆ' ಎನ್ನುತ್ತಾರೆ. ಒಂದು ಟಾರ್ಚು, ಒಂದು ಬಿಳಿಯ ಬಟ್ಟೆ, ಒಂದು ತುಂಡು ಅಂಟುಪಟ್ಟಿ, ಹತ್ತಿಪ್ಪತ್ತು ರೂಪಾಯಿಯ ಭೂತಗನ್ನಡಿ, ಒಂದು ರಾತ್ರಿ: ಗುರುತಿಸಲು ಇಷ್ಟು ಸಾಕು.

ಗುರುತು ತಪ್ಪಿದರೆ ಮನುಷ್ಯರ ಗುರುತೂ ತಪ್ಪುತ್ತದೆ ಎಂಬುದನ್ನೂ ಹೇಳಿ ಮುಂದುವರಿಯುತ್ತೇನೆ. ಕೊಠಡಿಯಲ್ಲಿ ತಿಗಣೆ ಕಂಡರೆ ಬಾಗಲಕೋಟೆ, ಕೊಪ್ಪಳಗಳಿಂದ ಬಂದ ಕಟ್ಟಡ ಕಾರ್ಮಿಕರನ್ನು, ಒಡಿಶಾ ಬಿಹಾರಗಳಿಂದ ಬಂದ ಹುಡುಗರನ್ನು ದೂರುವುದು ನಮ್ಮ ಪೇಟೆಗಳಲ್ಲಿ ರೂಢಿಯಾಗಿದೆ. ತಿಗಣೆ ಬಡವರ ಗಂಟನ್ನೂ ಶ್ರೀಮಂತರ ಸೂಟ್‌ಕೇಸನ್ನೂ ಒಂದೇ ಬಗೆಯಲ್ಲಿ ಏರುತ್ತದೆ. ನ್ಯೂಯಾರ್ಕಿನ ಹೋಟೆಲುಗಳು ಅದರಿಂದ ಕಂಗೆಟ್ಟಿವೆ, 2023ರಲ್ಲಿ ಪ್ಯಾರಿಸ್ ನಗರವೇ ಗದ್ದಲವೆಬ್ಬಿಸಿತು. ಪರ್ಯಾಯಕ್ಕೆ ಉಡುಪಿಗೆ ಬರುವ ಭಕ್ತರ ಚೀಲದಲ್ಲಿ, ಅತ್ತೂರಿನ ಜಾತ್ರೆಗೆ ಬರುವವರ ಹೊದಿಕೆಯಲ್ಲಿ, ಮಣಿಪಾಲಕ್ಕೆ ವಿಮಾನದಲ್ಲಿ ಬಂದಿಳಿಯುವ ವಿದ್ಯಾರ್ಥಿಯ ಪೆಟ್ಟಿಗೆಯಲ್ಲಿ ಅದು ಬರಬಹುದು. ಅದಕ್ಕೆ ಜಾತಿಯೂ ಇಲ್ಲ, ಜಿಲ್ಲೆಯೂ ಇಲ್ಲ.

ನಮ್ಮ ಬೇಡಿಕೆಗಳು

ನಮ್ಮ ಬೇಡಿಕೆಗಳು ದೊಡ್ಡವಲ್ಲ. ಮೊದಲನೆಯದು, ಹುಳವನ್ನು ಹಿಡಿದು, ಗುರುತಿಸಿ, ಮನೆಯವರಿಗೆ ತೋರಿಸದೆ ಯಾರೂ ಸಿಂಪಡಿಸಕೂಡದು. ಎರಡನೆಯದು, ಸಿಂಪಡಿಸಿದ ವಿಷದ ಹೆಸರು, ಪ್ರಮಾಣ, ದಿನಾಂಕ ಮತ್ತು ಸಿಂಪಡಿಸಿದವರ ಪರವಾನಗಿಯ ಸಂಖ್ಯೆ ರಸೀದಿಯಲ್ಲಿ ಕನ್ನಡದಲ್ಲಿರಬೇಕು; 1968ರ ಕೀಟನಾಶಕ ಕಾಯ್ದೆಯಿರುವ ದೇಶದಲ್ಲಿ ವೈದ್ಯರು ಕೇಳಿದಾಗ ತಾಯಿ ನಿರುತ್ತರಳಾಗಿ ನಿಲ್ಲಬಾರದು. ಮೂರನೆಯದು, ತಮ್ಮ ವ್ಯಾಪ್ತಿಯ ಪಿ.ಜಿ.ಗಳಲ್ಲಿ, ವಸತಿಗೃಹಗಳಲ್ಲಿ, ಕಾರ್ಮಿಕರ ಬಿಡಾರಗಳಲ್ಲಿ ಇದು ಪಾಲನೆಯಾಗುತ್ತಿದೆಯೇ ಎಂದು ಪಂಚಾಯತಿಗಳೂ ನಗರಸಭೆಯೂ ನೋಡಬೇಕು. ನಾಲ್ಕನೆಯದು, ಪ್ರತಿ ಶಾಲೆಯಲ್ಲಿ ಒಂದು ಭೂತಗನ್ನಡಿ ಮತ್ತು ತಿಗಣೆ, ಉಣುಗು, ಚಿಗಟ, ಜಿರಳೆಮರಿಗಳ ದೊಡ್ಡ ಚಿತ್ರವಿರಬೇಕು. ಘಟ್ಟದ ಬುಡದ ಊರುಗಳಲ್ಲಿ ಚಳಿಗಾಲ ಕಾಲಿಡುವ ಮೊದಲೇ ಉಣುಗಿನ ಪಾಠ ಆಗಬೇಕು. ಕಾಯಿಸದೆ, ಎಣ್ಣೆ ಹಾಕದೆ, ಚಿಮುಟದಿಂದ ಚರ್ಮದ ಹತ್ತಿರ ಹಿಡಿದು ನೇರವಾಗಿ ಎಳೆಯಬೇಕೆಂಬುದು ಹತ್ತು ವರ್ಷದ ಮಗುವಿಗೂ ಗೊತ್ತಿರಬೇಕು.

ಇವುಗಳಿಗಾಗಿ ಯಾರೂ ಕಾಯಬೇಕಾಗಿಲ್ಲ. ಈ ಸಂಚಿಕೆ ಕೈಸೇರಿದ ದಿನವೇ ಒಂದು ಖಾಲಿ ಬೆಂಕಿಪೊಟ್ಟಣವನ್ನು ಮಂಚದ ಬಳಿ ಇಡಿ. ಹುಳ ಕಂಡರೆ ಅದರಲ್ಲಿ ಹಾಕಿ, ಬೆಳಕಿಗೆ ತಂದು ನೋಡಿ, ನೆರೆಯವರಿಗೆ ತೋರಿಸಿ. ಆ ಕಾರ್ಕಳದ ಅಜ್ಜಿ ಶಾಲೆಗೆ ಹೋದವರಲ್ಲ. ಆದರೆ ಅಂದು ಆ ಮನೆಯಲ್ಲಿ ಕೊಲ್ಲುವ ಮೊದಲು ನೋಡಬೇಕೆಂದು ತೋಚಿದ್ದು ಅವರೊಬ್ಬರಿಗೆ ಮಾತ್ರ. ಅವರ ಮಾತನ್ನು ಒಂದು ಗಂಟೆ ಮೊದಲು ಕೇಳಿದ್ದರೆ ತೊಟ್ಟಿಲು ಒಣಗಿಯೇ ಇರುತ್ತಿತ್ತು.